ಡವ್‌ಟೇಲ್ ಗರಗಸ ನಾವೇ ಮಾಡಬೇಕೆಂದರೆ ಬ್ಲೇಡು ಯಾವುದು, ಹಿಡಿಗೆ ಯಾವ ಕಟ್ಟಿಗೆ?

ಉಣಕಲ್_ಹವ್ಯಾಸಿ (ಹುಬ್ಬಳ್ಳಿ):

ಎಲ್ಲರಿಗೂ ನಮಸ್ಕಾರ. ಕಸುಬಿನಿಂದ ನಾನು ಬಡಿಗನಲ್ಲ. ರಜೆ ದಿನ ಮಾಳಿಗೆ ಮೇಲಿನ ಶೆಡ್ಡಿನಲ್ಲಿ ಪೆಟ್ಟಿಗೆ, ಸ್ಟೂಲು ಅಂತ ಏನಾದರೂ ಮಾಡುತ್ತಿರುತ್ತೇನೆ. ಈಗ ಡ್ರಾಯರ್ ಮಾಡುವ ಹುಚ್ಚು ಹತ್ತಿದೆ. ಮೂಲೆಗಳನ್ನು ಡವ್‌ಟೇಲ್ ಹಾಕಿ, ಅಂದರೆ ಪಾರಿವಾಳದ ಬಾಲದ ಆಕಾರದ ಹಲ್ಲುಗಳನ್ನು ಒಂದರೊಳಗೊಂದು ಸಿಗಿಸಿ, ಕೂಡಿಸಬೇಕು, ಅದೂ ಕೈಯಲ್ಲೇ ಕೊಯ್ದು. ಅಂಗಡಿಯಿಂದ ತಂದ ಗರಗಸ ಇದಕ್ಕೆ ಆಗುತ್ತಿಲ್ಲ. ಬ್ಲೇಡು ದಪ್ಪ, ಹಲ್ಲು ದೊಡ್ಡವು, ಪ್ಲಾಸ್ಟಿಕ್ ಹಿಡಿ ಬೇರೆ, ಸ್ವಲ್ಪ ಕೊಯ್ಯುವಷ್ಟರಲ್ಲಿ ಅಂಗೈ ಬೆವರಿ ಜಾರುತ್ತದೆ. ಹೊರದೇಶದಿಂದ ಹಿತ್ತಾಳೆ ಬೆನ್ನಿನ (ತೆಳು ಬ್ಲೇಡು ಬಾಗದಂತೆ ಮೇಲಂಚಿಗೆ ಕೂರಿಸುವ ಪಟ್ಟಿ) ಗರಗಸ ತರಿಸೋಣ ಅಂದರೆ ಸುಂಕ, ಸಾಗಣೆ ಸೇರಿ ಬೆಲೆ ಐದಂಕಿಗೆ ಹೋಗುತ್ತದೆ.

ಹಾಗಾಗಿ ನಾನೇ ಒಂದು ಮಾಡಬೇಕು ಅಂತಿದ್ದೇನೆ. ಮನೆಯಲ್ಲಿ ಅಜ್ಜನ ಕಾಲದ ಮಂಚದ ಬೀಟೆ ತುಂಡು ಇದೆ, ಎಣ್ಣೆ ಒರೆಸಿದರೆ ಕಪ್ಪುಗೆಂಪು ಎಳೆ ಎಷ್ಟು ಚಂದ ಕಾಣುತ್ತದೆ ಗೊತ್ತಾ! ಅದರಲ್ಲೇ ಹಿಡಿ ಮಾಡಿ, ಹಿತ್ತಾಳೆ ಬೆನ್ನು ಕೂರಿಸಿ, ನೋಡಿದವರು ಎಲ್ಲಿಂದ ತಂದೆ ಅಂತ ಕೇಳಬೇಕು, ಹಾಗಿರಬೇಕು. ಕೇಳಬೇಕಾದ್ದು ಇಷ್ಟು. ಬ್ಲೇಡಿಗೆ ಯಾವ ಉಕ್ಕು, ಎಷ್ಟು ದಪ್ಪ? ಹಿತ್ತಾಳೆ ಬೆನ್ನನ್ನು ಹೇಗೆ ಹಿಡಿಸುತ್ತಾರೆ? ಒಂದು ಇಂಚಿಗೆ 15 ಹಲ್ಲು ಅನ್ನುತ್ತಾರೆ, ಅಷ್ಟು ಸಣ್ಣ ಹಲ್ಲನ್ನು ಕೈಯಲ್ಲಿ ಅರದಿಂದ ಉಜ್ಜಿ ತೆಗೆಯುವುದು ನನ್ನಂಥವನಿಗೆ ಸಾಧ್ಯವಾ? ಹಿಡಿಗೆ ಬೀಟೆ ಸರಿಯಾ?

---

ಫಿಟ್ಟರ್_ಕಾಕಾ (ಹುಬ್ಬಳ್ಳಿ):

ತಮ್ಮಾ, ನಿನ್ನ ಪ್ರಶ್ನೆಯಲ್ಲಿ ಅರ್ಧ ಬೀಟೆ ಕಟ್ಟಿಗೆಯೇ ತುಂಬಿದೆ. ಮೊದಲು ಹಲ್ಲಿನ ವಿಷಯ ಮಾತಾಡೋಣ. ಹಿಡಿ ಎಷ್ಟೇ ಚಂದ ಇದ್ದರೂ ಹಲ್ಲು ಸರಿ ಇಲ್ಲದ ಗರಗಸವನ್ನು ಗೋಡೆಗೆ ನೇತುಹಾಕಬೇಕಷ್ಟೇ.

ಬ್ಲೇಡಿಗೆ ಸ್ಪ್ರಿಂಗ್ ಸ್ಟೀಲ್ ಪಟ್ಟಿ ತಗೊ. 1095 ಅಂತ ಸಿಗುತ್ತದೆ, ಅದರಲ್ಲಿ ಇಂಗಾಲ ಶೇ 0.95ರ ಆಸುಪಾಸು. ಸಿ-75 ಅನ್ನುವ ಉಕ್ಕು ಸಿಕ್ಕರೂ ನಡೆಯುತ್ತದೆ. ಮುಖ್ಯ ಏನೆಂದರೆ, ಮೊದಲೇ ಹದ ಮಾಡಿದ ಪಟ್ಟಿಯನ್ನೇ ಕೇಳಿ ತರಬೇಕು. ಮೆತ್ತಗಿನದನ್ನು ತಂದು ಮನೆಯಲ್ಲಿ ಕಾಸಿ ಹದ ಹಾಕುತ್ತೇನೆ ಅಂತ ಹೋಗಬೇಡ, ಅಷ್ಟು ತೆಳ್ಳಗಿನ ಪಟ್ಟಿ ಬಿಸಿಗೆ ಡೊಂಕಾಗದೆ ಇರುವುದಿಲ್ಲ. ಗರಗಸಕ್ಕೆ ಬೇಕಾದ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 48ರಿಂದ 52. ಅರ ಅದಕ್ಕಿಂತ ಜಾಸ್ತಿ ಗಡಸು, 60ರ ಮೇಲೆ. ಅದಕ್ಕೇ ಅರ ಈ ಉಕ್ಕನ್ನು ಕಚ್ಚುತ್ತದೆ. ದಪ್ಪ 0.5 ಮಿ.ಮೀ. ಸಾಕು. ಉದ್ದ 250 ಮಿ.ಮೀ., ಬೆನ್ನಿನ ಕೆಳಗೆ 40ರಿಂದ 45 ಮಿ.ಮೀ. ಕಾಣುವ ಹಾಗೆ ಇಟ್ಟುಕೊ.

ಪಟ್ಟಿ ಸಿಗಲಿಲ್ಲವಾ? ಎರಡು ದಾರಿ ಇವೆ. ಕಟ್ಟಿಗೆ ಹೆರೆಯುವ ಕ್ಯಾಬಿನೆಟ್ ಸ್ಕ್ರೇಪರ್ ಸಿಗುತ್ತದಲ್ಲ, 0.6 ಮಿ.ಮೀ. ದಪ್ಪದ್ದು, ಅದರಲ್ಲಿ ಸಣ್ಣ ಗರಗಸ ಆಗುತ್ತದೆ. ಇನ್ನೊಂದು ದಾರಿ ಅಂದರೆ ಅಂಗಡಿ ಗರಗಸದ ಬ್ಲೇಡು. ಈಗಿನವುಗಳಲ್ಲಿ ಹಲ್ಲಿನ ತುದಿ ಕಪ್ಪುನೀಲಿ ಇರುತ್ತದೆ, ತುದಿಯನ್ನಷ್ಟೇ ವಿದ್ಯುತ್ತಿನಿಂದ ಕಾಸಿ ಗಡಸು ಮಾಡಿರುತ್ತಾರೆ. ಅದರ ಮೇಲೆ ಅರ ಜಾರುತ್ತದೆ. ಆದರೆ ಆ ಹಲ್ಲಿನ ಸಾಲನ್ನು ಪೂರ್ತಿ ಕತ್ತರಿಸಿ ತೆಗೆದರೆ ಹಿಂದಿನ ಉಕ್ಕು ಸಾದಾ ಹದದ್ದೇ. ದಪ್ಪ ಮಾತ್ರ 0.8ರ ಮೇಲೆ ಇರುವುದರಿಂದ ಡವ್‌ಟೇಲಿಗೆ ಅಲ್ಲ, ಟೆನನ್ (ತೂತಿಗೆ ಸಿಗಿಸುವ ಕಟ್ಟಿಗೆಯ ನಾಲಿಗೆ) ಕೊಯ್ಯಲು ಚಲೋ. ಗುಜರಿಯಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಮುದ್ರೆಯದೋ ಅಮೆರಿಕದ ಡಿಸ್ಟನ್ ಕಂಪನಿ ಮುದ್ರೆಯದೋ ಹಳೆ ಬೆನ್ನಿನ ಗರಗಸ ಸಿಕ್ಕರೆ ಮಾತಾಡದೆ ಎತ್ತಿಕೊ, ತುಕ್ಕು ಹಿಡಿದಿದ್ದರೂ ಚಿಂತೆಯಿಲ್ಲ.

ಪಟ್ಟಿ ಕತ್ತರಿಸಲು ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಶೀಟ್ ಕತ್ತರಿಸುವ ಶೆಡ್ಡುಗಳಲ್ಲಿ ಕೇಳು. ಗ್ರೈಂಡರ್ ಹಿಡಿದು ಕಿಡಿ ಹಾರಿಸಿದರೆ ಅಂಚು ಕಾದು ಹದ ಹೋಗುತ್ತದೆ.

ಬ್ಲೇಡಿನಲ್ಲಿ ಹೊಸ ಹಲ್ಲು ಮೂಡಿಸುವುದು ಕಷ್ಟವೇನಲ್ಲ, ಬೇಜಾರಿನ ಕೆಲಸ ಅಷ್ಟೇ. ಇಂಚಿಗೆ 15 ಅಂದರೆ ಒಂದರಿಂದ ಒಂದಕ್ಕೆ 1.69 ಮಿ.ಮೀ. ಅಷ್ಟು ಅಂತರದ ಗೆರೆಗಳನ್ನು ಕಂಪ್ಯೂಟರಿನಲ್ಲಿ ಹಾಕಿ ಪ್ರಿಂಟ್ ತೆಗೆದು ಬ್ಲೇಡಿಗೆ ಅಂಟಿಸು. ಎರಡು ಹಲಗೆ ತುಂಡುಗಳ ನಡುವೆ ಬ್ಲೇಡು ಇಟ್ಟು ವೈಸಿನಲ್ಲಿ ಬಿಗಿ, ಮೇಲೆ 3 ಮಿ.ಮೀ. ಮಾತ್ರ ಕಾಣಬೇಕು. ಜಾಸ್ತಿ ಬಿಟ್ಟರೆ ಬ್ಲೇಡು ನಡುಗಿ ಕಿರ್ರ್ ಅನ್ನುತ್ತದೆ, ಅರವೂ ಹಾಳು. ಮೊದಲು ಪ್ರತಿ ಗೆರೆಗೆ ಅರದಿಂದ ಒಂದು ಗುರುತು, ಅಷ್ಟೇ. ಆಮೇಲೆ ಈ ತುದಿಯಿಂದ ಆ ತುದಿಗೆ ಹಗುರವಾಗಿ ಒಂದು ಸುತ್ತು, ಮತ್ತೊಂದು ಸುತ್ತು. ಒಂದೇ ಹಲ್ಲನ್ನು ಪೂರ್ತಿ ಮುಗಿಸಿ ಮುಂದಕ್ಕೆ ಹೋದೆಯೋ, ಅಂತರ ಸರಿಯುತ್ತಾ ಹೋಗಿ ಕೊನೆಗೆ ಒಂದು ದೊಡ್ಡದು ಒಂದು ಸಣ್ಣದು.

ಅರ ಮೂರು ಮೂಲೆಯದು, 4 ಇಂಚಿನ ಅತಿ ತೆಳು ನಮೂನೆ. ಅರದ ಒಂದು ಮುಖ ಹಲ್ಲಿನ ಆಳದ ಎರಡರಷ್ಟಕ್ಕಿಂತ ಸ್ವಲ್ಪ ಅಗಲ ಇರಬೇಕು, ಆಗ ತಿರುಗಿಸಿ ತಿರುಗಿಸಿ ಮೂರೂ ಮೂಲೆ ಬಳಸಬಹುದು. ಡವ್‌ಟೇಲಿನಲ್ಲಿ ನಾವು ಎಳೆಯ ಉದ್ದಕ್ಕೆ ಸೀಳುತ್ತೇವೆ. ಹಾಗಾಗಿ ಅರವನ್ನು ಬ್ಲೇಡಿಗೆ ನೇರ ಅಡ್ಡಕ್ಕೆ ಹಿಡಿ, ಓರೆ ಬೇಡ. ಹಲ್ಲಿನ ಮುಂದಿನ ಮುಖ ನೆಟ್ಟಗೆ ನಿಂತಿರಬೇಕು, ಜಾಸ್ತಿ ಅಂದರೆ 5 ಡಿಗ್ರಿ ಹಿಂದಕ್ಕೆ.

---

ಸುಮ್ನೆ_ಓದುವವ (ಧಾರವಾಡ):

ಇಷ್ಟೆಲ್ಲ ಯಾಕೆ ಬೇಕು ರೀ? ಜಪಾನಿನ ಎಳೆಯುವ ಗರಗಸ ಒಂದು ತರಿಸಿಬಿಡಿ. 0.3 ಮಿ.ಮೀ. ಬ್ಲೇಡು. ಎಳೆದು ಕೊಯ್ಯುವುದರಿಂದ ಬ್ಲೇಡು ಬಿಗಿಯಾಗಿ ನಿಲ್ಲುತ್ತದೆ, ಬಾಗುವುದಿಲ್ಲ. ನಮ್ಮ ಹಳೆ ಬಡಿಗರೂ ನೆಲದ ಮೇಲೆ ಕೂತು ಕಾಲಲ್ಲಿ ಕಟ್ಟಿಗೆ ಒತ್ತಿ ಹಿಡಿದು ಎಳೆದೇ ಕೊಯ್ಯುತ್ತಿದ್ದರಲ್ವಾ? ಗರಗಸ ಮಾಡುವ ಹೊತ್ತಿನಲ್ಲಿ ಡ್ರಾಯರ್ ಮುಗಿದು ಅದರಲ್ಲಿ ಅಂಗಿ ಮಡಚಿ ಇಡಬಹುದಿತ್ತು.

---

ಹಾವೇರಿ_ಉಳಿಬಾಚಿ:

ಓದುವವರೇ, ನೀವು ಹೇಳಿದ್ದು ಸುಳ್ಳಲ್ಲ, ನನ್ನ ಹತ್ತಿರವೂ ಒಂದಿದೆ. ಆದರೆ ಆ ಸಣ್ಣ ಹಲ್ಲುಗಳನ್ನು ಅವರು ತಮ್ಮ ಮೆತ್ತಗಿನ ಕಟ್ಟಿಗೆಗೆ ಅಂತ ಮಾಡಿಕೊಂಡಿದ್ದಾರೆ. ನಮ್ಮ ಜಾಲಿ, ಮತ್ತಿಗೆ ಹಚ್ಚಿದರೆ ಹಲ್ಲು ಮುರಿಯುತ್ತವೆ. ಮೊಂಡಾದರೆ ಉಜ್ಜುವ ಹಾಗೂ ಇಲ್ಲ, ಬ್ಲೇಡೇ ಬದಲಿಸಬೇಕು. ಅದೂ ಅಲ್ಲದೆ ಈ ತಮ್ಮನಿಗೆ ಗರಗಸ ಮಾಡುವ ಆಸೆ, ಡ್ರಾಯರ್ ಬರೀ ನೆಪ. ಮಾಡಲಿ ಬಿಡಿ.

ಕಟ್ಟಿಗೆ ವಿಷಯಕ್ಕೆ ಬರುತ್ತೇನೆ. ಬೀಟೆ ಹಿಡಿಗೆ ಚಲೋ ಕಟ್ಟಿಗೆಯೇ. ಗಟ್ಟಿ, ತೂಕ, ಪಾಲಿಶ್ ಹಿಡಿಯುತ್ತದೆ. ನಿಮ್ಮದು ಹಳೆ ಮಂಚದ್ದು, ಒಣಗಿ ಎಷ್ಟೋ ವರ್ಷ ಆಗಿದೆ, ಅದು ಒಳ್ಳೆಯದೇ. ಹೊಸದು ಬೇಕಾದವರು ಬಿಲ್ ಇಲ್ಲದೆ ಎಲ್ಲೂ ಕೊಳ್ಳಬೇಡಿ, ಅದನ್ನು ಕಡಿಯಲು, ಸಾಗಿಸಲು ಅರಣ್ಯ ಇಲಾಖೆ ಪರವಾನಗಿ ಬೇಕು. ನನ್ನ ತಕರಾರು ಬೇರೆ. ಮಂಚದ ಕಾಲು ಅಂದರೆ ಎಷ್ಟು ಅಗಲ ಇದ್ದೀತು? ಹಿಡಿಗೆ ಕಮ್ಮಿ ಅಂದರೂ 125 ಮಿ.ಮೀ. ಅಗಲದ, 22 ಮಿ.ಮೀ. ದಪ್ಪದ ಹಲಗೆ ಬೇಕು. ಎಳೆ ಯಾವ ಕಡೆ ಓಡುತ್ತಿದೆ ಅನ್ನುವುದರ ಮೇಲೆ ಹಿಡಿಯ ಆಯುಷ್ಯ ನಿಂತಿದೆ. ಅಂಗೈ ಹಿಡಿಯುವ ಭಾಗ ಬ್ಲೇಡು ಕೂರುವ ಭಾಗಕ್ಕೆ ಸೇರುವ ಕತ್ತು ಇದೆಯಲ್ಲ, ಹಿಡಿಯಲ್ಲಿ ಎಲ್ಲಕ್ಕಿಂತ ಸಣ್ಣ ಜಾಗ ಅದು. ಎಳೆ ಆ ಕತ್ತಿನ ಉದ್ದಕ್ಕೆ ಹೋಗಬೇಕು. ಅಡ್ಡಕ್ಕೆ ಬಂತೋ, ಒಂದು ದಿನ ಬಿಗಿಯಾಗಿ ಒತ್ತಿದಾಗ ಟಪ್ ಅಂತ ಕೈಗೆ ಬರುತ್ತದೆ. ಹಿಡಿಯ ಮೇಲ್ತುದಿಯಲ್ಲಿ ಚಾಚಿರುವ ಕೊಂಬಿಗೂ ಅದೇ ಮಾತು. ಹಳೆ ಗರಗಸಗಳಲ್ಲಿ ಕೊಂಬು ಮುರಿದಿರುವುದನ್ನು ನೋಡಿರುತ್ತೀರಿ.

ಸಾಗವಾನಿ ಬೇಡ ಅನ್ನುವುದಿಲ್ಲ. ಮಳೆಗಾಲದಲ್ಲಿ ಉಬ್ಬುವುದಿಲ್ಲ, ಬೇಸಿಗೆಯಲ್ಲಿ ಬಿರಿಯುವುದಿಲ್ಲ, ಆದರೆ ಎಳೆ ದಪ್ಪ, ತೆಳ್ಳಗಿನ ಕೊಂಬು ಚಕ್ಕೆ ಎದ್ದು ಹೋಗುತ್ತದೆ. ಜಾಲಿ ನಮ್ಮ ಎರೆಹೊಲದ ಬದುವಿನ ಮರ, ಚಕ್ಕಡಿ ಗಾಲಿಗೆ, ಕುಂಟೆಗೆ ಅದನ್ನೇ ಹಾಕುತ್ತಿದ್ದರು, ಪೆಟ್ಟು ತಡೆಯುತ್ತದೆ. ಒಳಗಿನ ಕೆಚ್ಚು ಮಾತ್ರ ತಗೊಳ್ಳಿ, ಹೊರಗಿನ ಬಿಳಿ ಭಾಗಕ್ಕೆ ಹುಳ ಬೀಳುತ್ತದೆ. ಹಿಂದೆ ಇದನ್ನು ನೀರಲ್ಲಿ ಮುಳುಗಿಸಿಟ್ಟು ಹದ ಮಾಡುತ್ತಿದ್ದರು.

ಆದರೆ ನನ್ನನ್ನು ಕೇಳಿದರೆ ಪೇರಲ! ನಗಬೇಡಿ. ಇಂಗ್ಲೆಂಡ್, ಅಮೆರಿಕದ ಹಳೆ ಗರಗಸಗಳಿಗೆ ಸೇಬಿನ ಕಟ್ಟಿಗೆ, ಬೀಚ್ ಕಟ್ಟಿಗೆ ಹಿಡಿ ಹಾಕುತ್ತಿದ್ದರು. ಎಳೆ ಸಣ್ಣ, ಒತ್ತೊತ್ತಾಗಿ ಇರುತ್ತದೆ, ಯಾವ ಕಡೆಯಿಂದ ಕೆತ್ತಿದರೂ ಚಕ್ಕೆ ಏಳುವುದಿಲ್ಲ ಅಂತ. ನಮ್ಮಲ್ಲಿ ಆ ಗುಣ ಪೇರಲ ಕಟ್ಟಿಗೆಗಿದೆ. ನಿಮ್ಮ ಹುಬ್ಬಳ್ಳಿ-ಧಾರವಾಡದ ನಡುವಿನ ನವಲೂರಿನಲ್ಲಿ ಪೇರಲ ತೋಟಗಳಿವೆ, ಹಳೆ ಗಿಡ ತೆಗೆಯುವಾಗ ಬುಡದ ದಿಮ್ಮಿ ಕೇಳಿದರೆ ಒಲೆಗೆ ಹಾಕುವ ರೇಟಿಗೆ ಕೊಟ್ಟಾರು. ತಂದ ದಿನವೇ ಎರಡೂ ತುದಿಗೆ ಮೇಣವೋ ಪೇಂಟೋ ಬಳಿಯಿರಿ, ಇಲ್ಲದಿದ್ದರೆ ತುದಿಯಿಂದ ಸೀಳಲು ಶುರುವಾಗುತ್ತದೆ. ನಡುವಿನ ತಿರುಳು ಬಿಟ್ಟು ಸೀಳಿಸಿ ನೆರಳಲ್ಲಿ ಜೋಡಿಸಿಡಿ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಅನ್ನುವುದು ಬಡಿಗರ ಲೆಕ್ಕ.

---

ಉಣಕಲ್_ಹವ್ಯಾಸಿ:

ಕಾಕಾ, ಉಳಿಬಾಚಿ ಅಣ್ಣಾರು, ಇಬ್ಬರಿಗೂ ದೊಡ್ಡ ಥ್ಯಾಂಕ್ಸ್. ಪೇರಲ ಕೇಳಿ ಮನೆಯವರು ನಕ್ಕರು, ನವಲೂರು ಮಾತ್ರ ದಿನಾ ಬಸ್ಸಿನಲ್ಲಿ ದಾಟುವ ಊರು. ಬೀಟೆ ಅಳೆದು ನೋಡಿದೆ. ಕಾಲಿನ ತುಂಡು 90 ಮಿ.ಮೀ. ಇದೆ, ಸಾಲುವುದಿಲ್ಲ. ಆದರೆ ತಲೆದಿಂಬಿನ ಕಡೆಯ ಅಡ್ಡ ಹಲಗೆ 150 ಇದೆ, ದಪ್ಪ 25. ಅದರಲ್ಲಿ ಆಗುತ್ತದಲ್ವಾ?

ಇನ್ನೆರಡು ಪ್ರಶ್ನೆ. ಹಿಡಿಯ ತೂತು ಎಷ್ಟು ದೊಡ್ಡದಿರಬೇಕು? ಇಂಟರ್ನೆಟ್‌ನಲ್ಲಿ ಸಿಕ್ಕ ನಕ್ಷೆಗಳೆಲ್ಲ ನನ್ನ ಕೈಗೆ ದೊಡ್ಡವು ಅನಿಸುತ್ತವೆ. ಮತ್ತೆ ಬ್ಲೇಡಿಗೆ ಹಿಡಿ ಬಿಗಿಯುವ ಆ ಹಿತ್ತಾಳೆ ನಟ್ಟು, ನಡುವೆ ಸೀಳಿರುವಂಥದ್ದು, ದುರ್ಗದಬೈಲಿನಲ್ಲಿ ಕೇಳಿದರೆ ಅಂಗಡಿಯವರು ನನ್ನ ಮುಖ ನೋಡುತ್ತಾರೆ.

---

ಬೆಟಗೇರಿಯಾಂವ (ಗದಗ):

ನಟ್ಟಿಗೆ ನಾನು ಹೇಳುತ್ತೇನೆ. ಪ್ರೆಸ್ಸಿನವರು ದಪ್ಪ ರಿಜಿಸ್ಟರು, ಸ್ಯಾಂಪಲ್ ಪುಸ್ತಕ ಕಟ್ಟಲು ಬೈಂಡಿಂಗ್ ಸ್ಕ್ರೂ ಬಳಸುತ್ತಾರೆ. ಒಂದು ಕಡೆ ಕೊಳವೆ, ಇನ್ನೊಂದು ಕಡೆಯಿಂದ ಅದರೊಳಗೆ ಹೋಗುವ ಸ್ಕ್ರೂ, ಎರಡೂ ಕಡೆ ಚಪ್ಪಟೆ ತಲೆ. ಅದನ್ನೇ ಹಿತ್ತಾಳೆಯದು ನೋಡಿ ತಗೊಳ್ಳಿ. ಅಲ್ಯೂಮಿನಿಯಂ ಬೇಡ, ಸ್ಕ್ರೂವಿನ ಸುತ್ತು ಬೇಗ ಸವೆಯುತ್ತದೆ. ನಮ್ಮ ಗದಗ-ಬೆಟಗೇರಿ ಕಡೆ ಪ್ರೆಸ್ಸುಗಳು ಸಾಕಷ್ಟು, ಬೈಂಡಿಂಗ್ ಸಾಮಾನು ಮಾರುವವರ ಹತ್ತಿರ ವಿಚಾರಿಸಿ. 22 ಮಿ.ಮೀ. ಹಿಡಿಗೆ ತಲೆ ಒಳಗೆ ಕೂರುವ ಹಾಗೆ ಎರಡೂ ಕಡೆ ಸ್ವಲ್ಪ ಗುಂಡಿ ತೆಗೆದರೆ 18 ಮಿ.ಮೀ. ಉದ್ದದ್ದು ಹೊಂದುತ್ತದೆ.

ಸೀಳು ನಟ್ಟೇ ಬೇಕು ಅಂದರೆ ಲೇಥಿನವರು ಹಿತ್ತಾಳೆ ರಾಡಿನಲ್ಲಿ ಮಾಡಿಕೊಡುತ್ತಾರೆ. ಅದನ್ನು ಬಿಗಿಯಲು ಹಳೆ ಸ್ಕ್ರೂಡ್ರೈವರ್ ತುದಿಯ ನಡುಭಾಗವನ್ನು ಅರದಿಂದ ತೆಗೆದು ಎರಡು ಕವಲು ಮಾಡಿಕೊಂಡರೆ ಆಯಿತು, ಬೇರೆ ಸಾಮಾನು ಬೇಡ.

ಒಂದು ಮಾತು ಕೇಳಲೇಬೇಕು, ಹಿತ್ತಾಳೆ ಬೆನ್ನು ಅಷ್ಟು ಬೇಕಾ? ಉಕ್ಕಿನ ಬೆನ್ನಿನಲ್ಲೂ ಕೆಲಸ ಅದೇ, ಖರ್ಚು ಕಮ್ಮಿ. ಹಿತ್ತಾಳೆ ಬರೀ ಶೋಕಿ ಅನಿಸುತ್ತದೆ ನನಗೆ.

---

ಫಿಟ್ಟರ್_ಕಾಕಾ:

ಬೆಟಗೇರಿಯವರೇ, ಬೈಂಡಿಂಗ್ ಸ್ಕ್ರೂ ಐಡಿಯಾ ಚಲೋ ಇದೆ. ಹಿತ್ತಾಳೆ ಶೋಕಿ ಅನ್ನುವುದನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. 6 ಮಿ.ಮೀ. ದಪ್ಪ, 19 ಮಿ.ಮೀ. ಅಗಲ, 250 ಉದ್ದದ ಹಿತ್ತಾಳೆ ಪಟ್ಟಿ ಸುಮಾರು 240 ಗ್ರಾಂ ತೂಗುತ್ತದೆ, ಉಕ್ಕಿನದಾದರೆ 220ರ ಹತ್ತಿರ. ಫರಕು ಜಾಸ್ತಿ ಇಲ್ಲ, ಅಲ್ಲಿಗೆ ನಿಮ್ಮ ಮಾತು ಸರಿ. ಆದರೆ ಹಿತ್ತಾಳೆಯಲ್ಲಿ ಸೀಳು ಹಾಕುವುದು ಸಲೀಸು, ಧಾರವಾಡದ ಜಿಟಿಜಿಟಿ ಮಳೆಗೆ ತುಕ್ಕೂ ಹಿಡಿಯುವುದಿಲ್ಲ.

ಬೆನ್ನು ಹಿಡಿಸಲು ಎರಡು ರೀತಿ. ಹಳೆಯವರು ತಗಡನ್ನು ಉದ್ದಕ್ಕೆ ಮಡಚಿ, ಆ ಮಡಿಕೆಯ ಬಿಗಿಯಲ್ಲೇ ಬ್ಲೇಡು ಕಚ್ಚಿಸುತ್ತಿದ್ದರು. ಅದರ ಲಾಭ ಏನೆಂದರೆ, ಬ್ಲೇಡು ಡೊಂಕಾದರೆ ಬೆನ್ನಿಗೆ ಒಂದು ಕಡೆ ಮೆಲ್ಲಗೆ ತಟ್ಟಿ ನೆಟ್ಟಗೆ ಮಾಡಬಹುದು. ಮನೆಯಲ್ಲಿ ದಪ್ಪ ತಗಡು ಸಮ ಮಡಚುವುದು ಕಷ್ಟ. ನಿನಗೆ ಸೀಳಿದ ಬೆನ್ನೇ ಸುಲಭ. ಮಿಲ್ಲಿಂಗ್ ಮಷಿನ್ ಇರುವ ಶೆಡ್ಡಿಗೆ ಹೋಗಿ 0.5 ಮಿ.ಮೀ. ಸ್ಲಿಟಿಂಗ್ ಕಟರ್‌ನಿಂದ 9–10 ಮಿ.ಮೀ. ಆಳದ ಸೀಳು ಹಾಕಿಸು. ಬೋಲ್ಟಿನ ಸುತ್ತು ಸಡಿಲಾಗದಂತೆ ಹಚ್ಚುವ ಅಂಟು ಇರುತ್ತದಲ್ಲ, ಅದನ್ನು ಹಚ್ಚಿ ಬ್ಲೇಡು ಕೂರಿಸು. ಕೂರಿಸಿದ ಮೇಲೆ ಒಂದು ಕಣ್ಣು ಮುಚ್ಚಿ ಹಲ್ಲಿನ ಅಂಚಿನುದ್ದಕ್ಕೆ ನೋಡು, ಅಂಟು ಒಣಗುವ ಮೊದಲೇ ನೆಟ್ಟಗಾಗಬೇಕು.

ಬ್ಲೇಡಿಗೆ ತೂತು ಹೊಡೆಯುವಾಗ ಸಾದಾ ಡ್ರಿಲ್ ಬಿಟ್ ಸುಟ್ಟು ಹೋಗುತ್ತದೆ, ಕಾರ್ಬೈಡ್ ತುದಿಯದು ಬೇಕು. ಎರಡು ಹಲಗೆ ನಡುವೆ ಬ್ಲೇಡು ಇಟ್ಟು ಬಿಗಿದೇ ಹೊಡೆ. ತೆಳು ಉಕ್ಕು ಬಿಟ್ಟಿಗೆ ಸಿಕ್ಕಿ ತಿರುಗಿದರೆ ಬೆರಳು ಕೊಯ್ದುಹಾಕುತ್ತದೆ. ಇದನ್ನು ಎರಡು ಸಲ ಓದು.

ಕೊನೆಗೆ ಸೆಟ್. ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ಬಾಗಿಸುವುದು, ಬ್ಲೇಡು ಸೀಳಿನಲ್ಲಿ ಸಿಕ್ಕಿಕೊಳ್ಳದೆ ಓಡಲಿ ಅಂತ. ನಿನ್ನ ಬ್ಲೇಡಿಗೆ ಒಂದೊಂದು ಬದಿಗೆ 0.05ರಿಂದ 0.08 ಮಿ.ಮೀ. ಸಾಕು, ಕಣ್ಣಿಗೆ ಕಂಡೂ ಕಾಣದ ಹಾಗೆ. ಅಂಗಡಿಯ ಸೆಟ್ ಇಕ್ಕಳದಲ್ಲಿ ಹಲ್ಲನ್ನು ಒತ್ತಿ ಬಾಗಿಸುವ ಮೊಳೆ ದೊಡ್ಡ ಹಲ್ಲಿಗೆ ಮಾಡಿದ್ದು, ಹಾಗೇ ಬಳಸಿದರೆ ಪಕ್ಕದ ಹಲ್ಲನ್ನೂ ಬಾಗಿಸುತ್ತದೆ. ಮೊಳೆಯ ತುದಿ ಉಜ್ಜಿ ಸಪೂರ ಮಾಡಿಕೊ. ಹಲ್ಲಿನ ಮೇಲರ್ಧ ಮಾತ್ರ ಬಾಗಲಿ. ಸೆಟ್ ಜಾಸ್ತಿ ಆಯಿತು ಅನಿಸಿದರೆ ನುಣುಪು ಸಾಣೆಕಲ್ಲನ್ನು ಬದಿಗೆ ಚಪ್ಪಟೆ ಇಟ್ಟು ಒಂದೇ ಸಲ ಎಳೆ. ಗರಗಸ ಒಂದೇ ಕಡೆ ವಾಲಿ ಕೊಯ್ಯುತ್ತಿದ್ದರೆ ಯಾವ ಕಡೆ ವಾಲುತ್ತದೋ ಆ ಬದಿಗೆ ಕಲ್ಲು ಆಡಿಸು.

---

ಹಾವೇರಿ_ಉಳಿಬಾಚಿ:

ತಮ್ಮಾ, ಅಡ್ಡ ಹಲಗೆಯಲ್ಲಿ ಆಗುತ್ತದೆ. ಎಳೆ ಉದ್ದಕ್ಕೆ ಇರುವುದರಿಂದ ನಕ್ಷೆಯನ್ನು ಸ್ವಲ್ಪ ತಿರುಗಿಸಿ ಇಟ್ಟು, ಕತ್ತಿನ ಜಾಗ ಎಳೆಗೆ ಹೊಂದುವ ಹಾಗೆ ನೋಡಿಕೊಳ್ಳಿ. ಹಳೆ ಮೊಳೆ ಒಳಗೆ ಉಳಿದಿದೆಯಾ ಅಂತ ಅಯಸ್ಕಾಂತ ಆಡಿಸಿ ನೋಡಿ.

ಅಳತೆಗೆ ನಕ್ಷೆ ನಂಬಬೇಡಿ, ನಿಮ್ಮ ಕೈ ನಂಬಿ. ಗರಗಸವನ್ನು ಮೂರು ಬೆರಳಲ್ಲಿ ಹಿಡಿಯುತ್ತೇವೆ, ತೋರುಬೆರಳು ಹಿಡಿಯ ಹೊರಗೆ ಮುಂದಕ್ಕೆ ಚಾಚಿರುತ್ತದೆ. ಹಾಗಾಗಿ ಮೂರು ಬೆರಳ ಅಗಲ ಬಿಗಿಯಾಗಿ ಕೂರುವಷ್ಟೇ ಜಾಗ ಬೇಕು, ಅಲ್ಲಾಡಬಾರದು. ಹೊರಗಿನ ನಕ್ಷೆಗಳು ದೊಡ್ಡ ಕೈಯವರಿಗೆ ಮಾಡಿದಂಥವು, ಪ್ರಿಂಟ್ ತೆಗೆಯುವಾಗ ಸ್ವಲ್ಪ ಕಮ್ಮಿ ಮಾಡಿ. ಮೊದಲು ಪ್ಯಾಕಿಂಗ್ ಪೆಟ್ಟಿಗೆ ಕಟ್ಟಿಗೆಯಲ್ಲಿ ಒಂದು ಒರಟು ಹಿಡಿ ಮಾಡಿ, ಹಿಡಿದು ನೋಡಿ, ಸರಿ ಅನಿಸಿದ ಮೇಲೆ ಬೀಟೆ ಮುಟ್ಟಿ. ಹಿಡಿಯ ಓರೆಯೂ ಅದರಲ್ಲೇ ತಿಳಿಯುತ್ತದೆ. ನಿಮ್ಮ ಬೆಂಚ್ ಎತ್ತರ ಇದ್ದರೆ ಒಂದು ಓರೆ, ತಗ್ಗು ಇದ್ದರೆ ಇನ್ನೊಂದು. ಅಂಗೈ ಒತ್ತುವ ಗೆರೆ ಮುಂದಕ್ಕೆ ಹೋಗಿ ಹಲ್ಲಿನ ಸಾಲಿನ ನಡುಮಧ್ಯಕ್ಕೆ ಹತ್ತಿರ ಬಂದರೆ ಗರಗಸ ಮೂಗು ಎತ್ತುವುದಿಲ್ಲ.

ಬ್ಲೇಡು ಕೂರುವ ಸೀಳನ್ನು ಹಲಗೆ ಇನ್ನೂ ಚೌಕ ಇರುವಾಗಲೇ ಕೊಯ್ದುಬಿಡಿ. ಸ್ಕ್ರೂ ತೂತುಗಳೂ ಆಗಲೇ. ದುಂಡಗೆ ಕೆತ್ತಿದ ಮೇಲೆ ನೆಟ್ಟಗೆ ಹಿಡಿದುಕೊಳ್ಳಲು ಒಂದು ಬದಿಯೂ ಉಳಿಯುವುದಿಲ್ಲ. ಆ 0.5 ಮಿ.ಮೀ. ಸೀಳು ಕೊಯ್ಯಲು ಮಾತ್ರ ಓದುವವರ ಜಪಾನ್ ಗರಗಸ ಬೇಕೇ ಬೇಕು, ಒಂದು ದಿನಕ್ಕೆ ಕೇಳಿ ತಗೊಳ್ಳಿ! ಒಳತಿರುವುಗಳಲ್ಲಿ ಮೊದಲು ಡ್ರಿಲ್ ಹೊಡೆದು ಆಮೇಲೆ ನಡುವಿನದು ಕೊಯ್ದರೆ ತಿರುವು ನುಣುಪಾಗಿ ಬರುತ್ತದೆ. ಉಳಿದದ್ದು ಒರಟು ಅರ, ಅರ್ಧಗೋಲ ಅರ, ಪಾಲಿಶ್ ಪೇಪರ್. ಅಂಗೈ ತಾಗುವ ಕಡೆ ಯಾವ ಅಂಚೂ ಉಳಿಯಬಾರದು. ಬ್ಲೇಡಿನ ಎರಡೂ ಬದಿಗೆ ಬರುವ ಹಿಡಿಯ ಕೆನ್ನೆ ಮಾತ್ರ ಚಪ್ಪಟೆ ಇರಲಿ.

ಕಲಘಟಗಿ ತೊಟ್ಟಿಲಿನ ಅರಗಿನ ಹೊಳಪು ನೋಡಿ ಹಿಡಿಗೂ ಹಾಗೇ ಮಾಡೋಣ ಅನಿಸಬಹುದು. ಬೇಡ, ಬೆವರಿಗೆ ಜಾರುತ್ತದೆ. ಅಗಸಿ ಎಣ್ಣೆ ಸಾಕು, ಪೇಂಟ್ ಅಂಗಡಿಯಲ್ಲಿ ಸಿಗುವ ಕಾಸಿದ್ದು. ಗಾಣದ ಹಸಿ ಎಣ್ಣೆ ಒಣಗಲು ವಾರಗಟ್ಟಲೆ ತಗೊಳ್ಳುತ್ತದೆ. ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತಿಗೆ ಒರೆಸಿ, ಮರುದಿನ ಮತ್ತೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ, ಆ ಎಣ್ಣೆ ಒಣಗುತ್ತಾ ತಾನೇ ಬಿಸಿಯಾಗಿ ಬೆಂಕಿ ಹತ್ತುತ್ತದೆ. ಬಿಡಿಸಿ ಬಯಲಲ್ಲಿ ಒಣಹಾಕಿ, ಇಲ್ಲಾ ನೀರಲ್ಲಿ ಮುಳುಗಿಸಿ. ಬ್ಲೇಡಿಗೆ ಮಾತ್ರ ಹೊಲಿಗೆ ಮಷಿನ್ ಎಣ್ಣೆ. ಅಡುಗೆಮನೆಯ ಕುಸುಬಿ ಎಣ್ಣೆ ಒರೆಸಿದರೆ ಅಂಟಾಗುತ್ತದೆ.

---

ಸುಮ್ನೆ_ಓದುವವ:

ನನ್ನ ಗರಗಸ ಕೊಡುತ್ತೇನೆ, ಆದರೆ ಬೀಟೆಗೆ ಹಚ್ಚಿ ಹಲ್ಲು ಮುರಿದರೆ ಹೊಸ ಬ್ಲೇಡು ನೀವೇ ತರಿಸಬೇಕು. ಉಳಿಬಾಚಿಯವರೇ ಮೇಲೆ ಬರೆದಿದ್ದಾರಲ್ಲ, ಗಟ್ಟಿ ಕಟ್ಟಿಗೆಗೆ ಆಗುವುದಿಲ್ಲ ಅಂತ!

---

ಹಾವೇರಿ_ಉಳಿಬಾಚಿ:

ಹ್ಹ ಹ್ಹ, ಸಿಕ್ಕಿಬಿದ್ದೆ. ಒತ್ತದೆ ಎಳೆದರೆ ಮುರಿಯುವುದಿಲ್ಲ ರೀ, ಅವಸರ ಮಾಡಿದರೆ ಮಾತ್ರ. ಸೀಳಿನ ಗೆರೆಯನ್ನು ಚೂಪು ಚಾಕುವಿನಿಂದ ಆಳವಾಗಿ ಗೀರಿಕೊಂಡು ಎರಡೂ ಮುಖದಿಂದ ಸ್ವಲ್ಪ ಸ್ವಲ್ಪ ಕೊಯ್ಯಲಿ.

---

ಉಣಕಲ್_ಹವ್ಯಾಸಿ:

ಕಾಕಾ, ಒಂದೇ ಒಂದು. ಶುರುವಿನಲ್ಲಿ ಹಲ್ಲು ಕಟ್ಟಿಗೆಗೆ ಕಚ್ಚಿಕೊಂಡು ಜಿಗಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಏನಾದರೂ ಉಪಾಯ ಇದೆಯಾ?

---

ಫಿಟ್ಟರ್_ಕಾಕಾ:

ಇದೆ. ಮೂತಿ ಕಡೆಯ, ಅಂದರೆ ಹಿಡಿಯಿಂದ ದೂರದ ತುದಿಯ, ಮೊದಲ 25–30 ಮಿ.ಮೀ. ಹಲ್ಲುಗಳನ್ನು 12–15 ಡಿಗ್ರಿ ಹಿಂದಕ್ಕೆ ಓರೆಯಾಗಿ ಉಜ್ಜು, ಉಳಿದವು ನೆಟ್ಟಗೇ ಇರಲಿ. ಗೆರೆ ಮೇಲೆ ಶುರು ಮಾಡುವಾಗ ಆ ತುದಿಯನ್ನೇ ಇಟ್ಟು ಗರಗಸದ ಭಾರವನ್ನು ಕೈಯಲ್ಲೇ ಎತ್ತಿ ಹಿಡಿದು ಮುಂದಕ್ಕೆ ತಳ್ಳು. ಅರದ ತುದಿಗೆ ಒಂದು ಕಟ್ಟಿಗೆ ತುಂಡು ಸಿಗಿಸಿಕೊ, ಅದರ ಮೇಲಂಚು ನೆಲಕ್ಕೆ ಸಮ ಇದ್ದರೆ ಓರೆ ಸರಿ ಇದೆ ಅಂತ ಲೆಕ್ಕ. ಓರೆ ಬದಲಿಸುವಾಗ ತುಂಡು ತಿರುಗಿಸಿದರೆ ಆಯಿತು. ಅರ ತರುವಾಗ ಎರಡು ತಾ, ಹೊಸ ಬ್ಲೇಡಿಗೆ ಹಲ್ಲು ತೆಗೆಯುವಷ್ಟರಲ್ಲಿ ಒಂದರ ಮೂಲೆ ಸವೆದು ಹೋಗುತ್ತದೆ.